ದತ್ತಸಂಚಯದ ವೈಭವವೂ ಅದರ ಬೆಲೆಯೂ

ಬ್ಯಾಂಕಿನ ಲೆಕ್ಕ, ರೈಲಿನ ಮುಂಗಡ ಟಿಕೆಟು, ಆಸ್ಪತ್ರೆಯ ರೋಗಿಗಳ ವಿವರ ಮೊದಲಾದುವನ್ನು ಕ್ರಮಬದ್ಧವಾಗಿ ಕಾಪಾಡಿ, ಕೇಳಿದೊಡನೆ ತೆಗೆದುಕೊಡುವ ಗಣಕವ್ಯವಸ್ಥೆಯೇ ದತ್ತಸಂಚಯ. ಬಳಕೆಯ ಮಾತಿನಲ್ಲಿ ಡೇಟಾಬೇಸ್. ಮಾಹಿತಿಯನ್ನೆಲ್ಲ ಕೋಷ್ಟಕಗಳಾಗಿ ಭಾವಿಸಬಹುದೆಂದು ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ ಅವರು 1970ರಲ್ಲಿ ಪ್ರತಿಪಾದಿಸಿದ ಸಿದ್ಧಾಂತವನ್ನು, 1979ರಲ್ಲಿ ಒರಾಕಲ್ ಎಂಬ ತಂತ್ರಾಂಶವು ಮಾರಾಟದ ಸರಕಾಗಿ ಪೇಟೆಗೆ ತಂದಿತು. ಅಂದಿನಿಂದ ಇಂತಹ ತಂತ್ರಾಂಶಗಳ ಸೌಲಭ್ಯಗಳು ಬೆಳೆದಂತೆ ಅವುಗಳ ಬೆಲೆಯೂ ಬೆಳೆದಿದೆ: ಪ್ರೊಸೆಸರುಗಳನ್ನು ಎಣಿಸಿ ಪರವಾನಗಿಯ ಶುಲ್ಕ, ಹಲವು ವಿಶೇಷ ಸೌಲಭ್ಯಗಳಿಗೆ ಬೇರೆಯೇ ಶುಲ್ಕ, ವರ್ಷವರ್ಷವೂ ನಿರ್ವಹಣೆಯ ಶುಲ್ಕ.

ಈ ವೈಭವವು ಎಲ್ಲೆಡೆಯೂ ಅಗತ್ಯವೇ? 2000ದ ಸುಮಾರಿನಲ್ಲಿ ಅಮೆರಿಕದ ಒಂದು ಯುದ್ಧನೌಕೆಗಾಗಿ ತಂತ್ರಾಂಶವನ್ನು ರಚಿಸುತ್ತಿದ್ದ ರಿಚರ್ಡ್ ಹಿಪ್ ಅವರಿಗೆ ಈ ಪ್ರಶ್ನೆ ಪ್ರತ್ಯಕ್ಷವಾಗಿಯೇ ಎದುರಾಯಿತು. ಅಲ್ಲಿದ್ದುದು ಇನ್‌ಫಾರ್ಮಿಕ್ಸ್ ಎಂಬ ಸಮರ್ಥವಾದ ವಾಣಿಜ್ಯ ದತ್ತಸಂಚಯ. ಆದರೆ ಅದರ ಸರ್ವರ್ ನಿಂತಾಗ, ತನ್ನಲ್ಲಿ ಯಾವ ದೋಷವೂ ಇಲ್ಲದ ಅವರ ತಂತ್ರಾಂಶವೂ ನಿಷ್ಕ್ರಿಯವಾಗುತ್ತಿತ್ತು. ಸರ್ವರ್ ಬೇಡ, ಅದನ್ನು ಕಾಯುವ ಆಡಳಿತಗಾರನೂ ಬೇಡ, ಒಂದೇ ಕಡತದಲ್ಲಿ ಸಮಸ್ತವೂ ಅಡಗಿರಲೆಂದು ಅವರು ರಚಿಸಿದ ಎಸ್‌ಕ್ಯೂಲೈಟ್, ಯಾರ ಹಕ್ಕಿಗೂ ಒಳಪಡದ ಸಾರ್ವಜನಿಕ ಸ್ವತ್ತಾಗಿ, ಇಂದು ನಮ್ಮ ಕಿಸೆಯ ಸ್ಮಾರ್ಟ್‌ಫೋನುಗಳಲ್ಲೆಲ್ಲ ಸದ್ದಿಲ್ಲದೆ ದುಡಿಯುತ್ತಿದೆ. ನನಗೆ ಇದು ಗಣಕಶಾಸ್ತ್ರದ ಅತ್ಯಂತ ಸುಂದರವಾದ ಕೃತಿಗಳಲ್ಲೊಂದು.

ಆದರೂ ಅದಕ್ಕೊಂದು ಮಿತಿಯುಂಟು: ಒಂದು ಕಡತದಲ್ಲಿ ಒಂದು ಸಲಕ್ಕೆ ಒಬ್ಬರು ಮಾತ್ರ ಬರೆಯಬಲ್ಲರು. ಸಹಸ್ರಾರು ಜನ ಏಕಕಾಲದಲ್ಲಿ ಹಣ ಕಟ್ಟುವ, ಒಂದು ಯಂತ್ರ ಕೆಟ್ಟರೆ ಮತ್ತೊಂದು ಕ್ಷಣಮಾತ್ರದಲ್ಲಿ ಹೊಣೆ ಹೊರಬೇಕಾದ ದೊಡ್ಡ ಬ್ಯಾಂಕಿಗೆ, ಒರಾಕಲ್‌ನಂತಹ ವ್ಯವಸ್ಥೆಗೆ ತೆರುವ ಹಣ ವ್ಯರ್ಥವೆನ್ನಲಾಗದು. ಈ ಎರಡು ಅವಸ್ಥೆಗಳ ನಡುವೆ ಇರುವ ಬಹುಪಾಲು ಕಚೇರಿಗಳಿಗಾದರೋ, ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ 1986ರಲ್ಲಿ ಆರಂಭವಾದ ಯೋಜನೆಯಿಂದ ಬೆಳೆದು ಬಂದ, ಉಚಿತವಾಗಿ ದೊರೆಯುವ ಪೋಸ್ಟ್‌ಗ್ರೆಸ್ ಸಾಕೆಂದೇ ನನ್ನ ದೃಢವಾದ ಅಭಿಪ್ರಾಯ.

ಕೊಳ್ಳುವವರು ಸಾಮಾನ್ಯವಾಗಿ ಗಣಿಸದ ವೆಚ್ಚ ಇನ್ನೊಂದಿದೆ. ಅದು ಬಿಡುಗಡೆಯ ವೆಚ್ಚ. ವ್ಯವಹಾರದ ನಿಯಮಗಳನ್ನೆಲ್ಲ ಮಾರಾಟಗಾರನ ಸ್ವಂತ ಭಾಷೆಯಲ್ಲಿ ಬರೆದಿಟ್ಟ ಸಂಸ್ಥೆ, ಮುಂದೆ ಬೇರೆಡೆಗೆ ಹೋಗಬಯಸಿದರೆ, ಅವನ್ನೆಲ್ಲ ಮೊದಲಿನಿಂದ ಬರೆಯಬೇಕಾಗುತ್ತದೆ. ಸುಮಾರು 7,500 ಒರಾಕಲ್ ದತ್ತಸಂಚಯಗಳನ್ನು ತನ್ನ ಸ್ವಂತ ವ್ಯವಸ್ಥೆಗಳಿಗೆ ವರ್ಗಾಯಿಸಿ ಮುಗಿಸಿದ್ದಾಗಿ ಅಮೆಜಾನ್ 2019ರಲ್ಲಿ ಪ್ರಕಟಿಸಿತು. ಆ ಕಾರ್ಯಕ್ಕೆ ಅದರ ನೂರಕ್ಕೂ ಮಿಕ್ಕಿದ ತಂಡಗಳು ವರ್ಷಗಟ್ಟಲೆ ದುಡಿಯಬೇಕಾಯಿತು. ಅಷ್ಟು ಇಂಜಿನಿಯರುಗಳಿಲ್ಲದ ಪಟ್ಟಣದ ಸಹಕಾರ ಸಂಘವೊಂದು, ಸಹಿ ಹಾಕುವ ಮುನ್ನವೇ, ಹೊರಬರುವ ದಾರಿ ಯಾವುದೆಂದು ಮಾರಾಟಗಾರನನ್ನು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆದುಕೊಳ್ಳಬೇಕು.