ಪುನರ್ವಿಮೆಯಿಂದ ಬರಬೇಕಾದ ಹಣದ ಮೌಲ್ಯನಿರ್ಣಯ

ವಿಮಾ ಸಂಸ್ಥೆಯೊಂದು ತಾನು ವಹಿಸಿಕೊಂಡ ಹೊಣೆಯ ಒಂದು ಪಾಲನ್ನು ಪುನರ್ವಿಮಾ ಸಂಸ್ಥೆಗೆ ಒಪ್ಪಿಸಿದರೂ ಪಾಲಿಸಿದಾರರಿಗೆ ಪೂರ್ಣ ಪರಿಹಾರ ನೀಡುವ ಕರ್ತವ್ಯವು ಅದರದೇ ಆಗಿ ಉಳಿಯುತ್ತದೆ. ಪುನರ್ವಿಮಾ ಸಂಸ್ಥೆ ದಿವಾಳಿಯಾದರೆ ಆ ಪಾಲಿನ ಭಾರವೂ ಮೂಲ ಸಂಸ್ಥೆಯ ಮೇಲೆಯೇ ಬೀಳುತ್ತದೆ. ಆದುದರಿಂದ ಪುನರ್ವಿಮೆಯಿಂದ ಬರಬೇಕಾದ ಹಣವನ್ನು ಕೈಯಲ್ಲಿರುವ ನಗದಿಗೆ ಸಮವೆಂದು ಎಣಿಸಲಾಗದು.

ಐರೋಪ್ಯ ಒಕ್ಕೂಟದಲ್ಲಿ 2016ರ ಜನವರಿ 1ರಿಂದ ಜಾರಿಯಲ್ಲಿರುವ ‘ಸಾಲ್ವೆನ್ಸಿ 2’ ನಿಯಮಾವಳಿಯು ಈ ಮೊತ್ತದಿಂದ ನಿರೀಕ್ಷಿತ ನಷ್ಟವನ್ನು ಕಳೆಯಬೇಕೆಂದು ವಿಧಿಸುತ್ತದೆ. ಪಾವತಿ ತಪ್ಪುವ ಸಂಭವನೀಯತೆ ಹಾಗೂ ತಪ್ಪಿದಾಗ ಆಗುವ ಸರಾಸರಿ ನಷ್ಟ, ಇವೆರಡೂ ಈ ಗಣನೆಗೆ ಆಧಾರ. ವಿಶ್ವಾಸಾರ್ಹವಾದ ಬೇರೆ ಅಂದಾಜು ಇಲ್ಲದಿದ್ದಲ್ಲಿ ಸರಾಸರಿ ನಷ್ಟವನ್ನು ಬರಬೇಕಾದ ಮೊತ್ತದ ಶೇಕಡ 50ಕ್ಕಿಂತ ಕಡಿಮೆಯಾಗಿ ಹಿಡಿಯುವಂತಿಲ್ಲ.

ನಿದರ್ಶನಕ್ಕೆ, 100 ಕೋಟಿ ಯೂರೋ ಬರಬೇಕಾಗಿದ್ದು, ಅದರ ಸರಾಸರಿ ಅವಧಿ 4 ವರ್ಷ, ಪಾವತಿ ತಪ್ಪುವ ವಾರ್ಷಿಕ ಸಂಭವನೀಯತೆ ಶೇಕಡ 0.5 ಎಂದಿಟ್ಟುಕೊಳ್ಳೋಣ. ನಿಯಮಾವಳಿಯ ಸರಳೀಕೃತ ಸೂತ್ರದಂತೆ ಕಳೆಯಬೇಕಾದುದು ಸುಮಾರು 1 ಕೋಟಿ ಯೂರೋ. ಅವಧಿ 20 ವರ್ಷವಾದರೆ ಇದು ಸುಮಾರು 5 ಕೋಟಿಗೆ ಏರುತ್ತದೆ. ಪರಿಹಾರ ಇತ್ಯರ್ಥಕ್ಕೆ ದೀರ್ಘಕಾಲ ಹಿಡಿಯುವ ಹೊಣೆಗಾರಿಕೆ ವಿಮೆಗಳಲ್ಲಿ ಪುನರ್ವಿಮಾ ಸಂಸ್ಥೆಯ ಆಯ್ಕೆ ಏಕೆ ನಿರ್ಣಾಯಕವೆಂಬುದು ಇದರಿಂದ ಸ್ಪಷ್ಟ.

ಆದರೆ ಈ ಕಡಿತ ಸೂಚಿಸುವುದು ನಿರೀಕ್ಷಿತ ನಷ್ಟವನ್ನು ಮಾತ್ರ. ಪಾವತಿ ನಿಜವಾಗಿಯೂ ತಪ್ಪಿದರೆ ಮೇಲಿನ ನಿದರ್ಶನದಲ್ಲಿ ಹೋಗುವುದು 50 ಕೋಟಿ. ಅಂತಹ ಅನಿರೀಕ್ಷಿತ ನಷ್ಟಕ್ಕಾಗಿ ಬಂಡವಾಳವನ್ನು ಪ್ರತ್ಯೇಕವಾಗಿ ಕಾಯ್ದಿರಿಸಬೇಕೆಂಬುದೂ ಅದೇ ನಿಯಮಾವಳಿಯ ವಿಧಿಯಾಗಿದೆ.