ಮದುವೆ ಹಂದರದ ಹೂವಿಗೂ ಬಾಯಾರಿಕೆ

ಏಪ್ರಿಲ್ ತಿಂಗಳ ಒಂದು ಮದುವೆಯನ್ನು ಕಲ್ಪಿಸಿಕೊಳ್ಳಿ. ಊರು ಇಂಡಿ ತಾಲ್ಲೂಕಿನ ಸಾಲೋಟಗಿ ಎಂದೇ ಇಟ್ಟುಕೊಳ್ಳೋಣ. ಬೆಳಗಿನ 6 ಗಂಟೆಗೆ ಹಂದರದೊಳಗೆ ಕಾಲಿಟ್ಟರೆ ವೇದಿಕೆಯ ಹಿಂದಿನ ಗುಲಾಬಿ, ಜರ್ಬೆರಾ, ಸುಗಂಧರಾಜಗಳೆಲ್ಲ ನೆಟ್ಟಗೆ ನಿಂತಿರುತ್ತವೆ. ರಾತ್ರಿಯಿಡೀ ದುಡಿದ ಅಲಂಕಾರದವರು ಒಂದು ಮೂಲೆಯಲ್ಲಿ ನಿದ್ದೆ ಹೋಗಿರುತ್ತಾರೆ. ಅಕ್ಕಿಕಾಳಿನ ಹೊತ್ತು ಮಧ್ಯಾಹ್ನ ಹನ್ನೆರಡೂವರೆ. ಆಗ ಅದೇ ವೇದಿಕೆಯನ್ನು ನೋಡಿ. ಜರ್ಬೆರಾ ತಲೆ ಬಗ್ಗಿಸಿದೆ, ಗುಲಾಬಿಯ ಕತ್ತು ಬಾಗಿದೆ, ವಧುವಿನ ದಂಡೆಯ ಮಲ್ಲಿಗೆ ಕಂದುಬಣ್ಣಕ್ಕೆ ತಿರುಗಿದೆ. ಛಾಯಾಚಿತ್ರ ತೆಗೆಯುವ ಹೊತ್ತಿಗೆ ಸರಿಯಾಗಿ ಹೂಗಳು ಸೋತಿರುತ್ತವೆ! ಮನೆಯವರು ಸಾವಿರಾರು ರೂಪಾಯಿ ಕೊಟ್ಟಿರುತ್ತಾರೆ, ಅಲಂಕಾರದವರು ತಮ್ಮ ಹೆಸರನ್ನು ಪಣಕ್ಕಿಟ್ಟಿರುತ್ತಾರೆ. ಕೊನೆಗೆ ದೂರು ಮಾತ್ರ ಬಿಸಿಲಿನ ಮೇಲೆ.

ಬಿಸಿಲಿನದು ತಪ್ಪಿದೆ, ನಿಜ. ಆದರೆ ತಪ್ಪೆಲ್ಲವೂ ಅದರದ್ದಲ್ಲ. ಗಿಡದಿಂದ ಕತ್ತರಿಸಿದ ಹೂವು ಸತ್ತ ವಸ್ತುವಲ್ಲ. ಅದು ಇನ್ನೂ ಉಸಿರಾಡುತ್ತದೆ, ನೀರು ಕುಡಿಯುತ್ತದೆ, ಆವಿಯಾಗಿ ಕಳೆದುಕೊಳ್ಳುತ್ತದೆ. ಬೇರು ಮತ್ತು ಎಲೆಗಳಿಂದ ಬರುತ್ತಿದ್ದ ಪೂರೈಕೆ ಮಾತ್ರ ನಿಂತಿರುತ್ತದೆ. ಹೂವಿನ ಅಲಂಕಾರ ಎಂದರೆ ಬಣ್ಣ ಜೋಡಿಸುವ ಕಲೆ ಮಾತ್ರವಲ್ಲ, ಹೀಗೆ ಅನಾಥವಾದ ಜೀವಕೋಶಗಳನ್ನು ಕೆಲವು ಗಂಟೆಗಳ ಕಾಲ ಸಾಕುವ ಕೆಲಸವೂ ಹೌದು. ಮದುವೆಗೆ ಹೇಗೋ ಹಾಗೆ ಬೆಳ್ಳಿಹಬ್ಬ, ಸುವರ್ಣ ಮಹೋತ್ಸವ, ಶಾಲೆಯ ವಾರ್ಷಿಕೋತ್ಸವಗಳಿಗೂ ಇದು ಅನ್ವಯಿಸುತ್ತದೆ.

ಸಾಲೋಟಗಿಯನ್ನು ಸುಮ್ಮನೆ ಆರಿಸಿಲ್ಲ. ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನ ಕಾಲದ, ಕ್ರಿ.ಶ. 945ರ ಇಲ್ಲಿನ ಸ್ತಂಭಶಾಸನದಲ್ಲಿ ಈ ಊರಿನ ಹಳೆಯ ಹೆಸರು ಪಾವಿಟ್ಟಗೆ. ರಾಜನ ಮಂತ್ರಿ ನಾರಾಯಣ ಕಟ್ಟಿಸಿದ ವಿದ್ಯಾಶಾಲೆಯೊಂದು ಇಲ್ಲಿತ್ತು. ಬೇರೆ ಬೇರೆ ನಾಡುಗಳಿಂದ ಬರುವ ವಿದ್ಯಾರ್ಥಿಗಳಿಗೆ 27 ವಸತಿಗಳಿದ್ದವು. ಊರಿನಲ್ಲಿ ಮದುವೆ ನಡೆದರೆ ಶಾಲೆಗೆ ಐದು ನಾಣ್ಯ, ಉಪನಯನಕ್ಕೆ ಅದರರ್ಧ, ಚೌಲಕ್ಕೆ ಅದರ ಅರ್ಧ ಕೊಡಬೇಕೆಂಬ ಕಟ್ಟಳೆಯೂ ಇತ್ತು. ಮದುವೆಯ ಖರ್ಚಿನಲ್ಲಿ ಶಾಲೆಗೂ ಒಂದು ಪಾಲು! ಅಂದಿನ ಆ ಮದುವೆಗಳಲ್ಲಿ ಚೆಂಡು ಹೂವಿನ ತೋರಣ ಇರಲು ಸಾಧ್ಯವೇ ಇರಲಿಲ್ಲ ಎಂದರೆ ನಿಮಗೆ ಆಶ್ಚರ್ಯವಾಗಬಹುದು. ಚೆಂಡು ಹೂವಿನ ಮತ್ತು ಸುಗಂಧರಾಜದ ತವರು ಮೆಕ್ಸಿಕೊ. ಯುರೋಪಿಯನ್ನರು ಅಮೆರಿಕ ಖಂಡವನ್ನು ತಲುಪಿದ ಮೇಲೆಯೇ ಅವು ನಮ್ಮಲ್ಲಿಗೆ ಬಂದವು. ಜರ್ಬೆರಾ ದಕ್ಷಿಣ ಆಫ್ರಿಕದ್ದು. ಮಲ್ಲಿಗೆ, ಸಂಪಿಗೆ, ತಾವರೆ, ಮಾವಿನೆಲೆಗಳು ಅಂದಿನವರಿಗೂ ದೊರಕುತ್ತಿದ್ದವು. ನಾವು 'ಸಂಪ್ರದಾಯ' ಎಂದುಕೊಂಡ ಎಷ್ಟೋ ಹೂಗಳು ನಿಜಕ್ಕೂ ಹೊಸ ನೆಂಟರು.

ದಂಟಿನೊಳಗೆ ಏನಾಗುತ್ತದೆ?

ದಂಟಿನಲ್ಲಿ ನೀರು ಏರುವುದು ಕ್ಸೈಲಂ ಎಂಬ ಸೂಕ್ಷ್ಮ ನಳಿಕೆಗಳ ಮೂಲಕ. ದಳ ಮತ್ತು ಎಲೆಗಳಿಂದ ನೀರು ಆವಿಯಾದಂತೆ ಕೆಳಗಿನ ನೀರು ಮೇಲಕ್ಕೆ ಸೆಳೆಯಲ್ಪಡುತ್ತದೆ. ಅಂದರೆ ನಳಿಕೆಯಲ್ಲಿರುವ ನೀರು ಎಳೆತಕ್ಕೆ ಒಳಗಾದ ದಾರದಂತೆ. ದಂಟನ್ನು ಕತ್ತರಿಸಿದ ಕ್ಷಣವೇ ಈ ದಾರ ಹಿಂದಕ್ಕೆ ಸರಿಯುತ್ತದೆ, ಕೊಯ್ದ ತುದಿಯಲ್ಲಿ ಗಾಳಿ ಒಳನುಗ್ಗುತ್ತದೆ. ಆಮೇಲೆ ಹೂವನ್ನು ನೀರಿನಲ್ಲಿಟ್ಟರೂ ಗಾಳಿಗುಳ್ಳೆ ದಾರಿಗೆ ಅಡ್ಡ ನಿಂತಿರುತ್ತದೆ. ಬಕೆಟ್ ತುಂಬ ನೀರಿದ್ದರೂ ಹೂವಿಗೆ ಬಾಯಾರಿಕೆ!

ಪರಿಹಾರ ಸುಲಭ. ಪುಣೆ ಅಥವಾ ಬೆಂಗಳೂರು ಕಡೆಯ ಹಸಿರುಮನೆಗಳಿಂದ ರಟ್ಟಿನ ಪೆಟ್ಟಿಗೆಯಲ್ಲಿ ಬಂದ ಗುಲಾಬಿಯ ದಂಟಿನ ತುದಿಯನ್ನು ನೀರಿನೊಳಗೆ ಮುಳುಗಿಸಿ ಹಿಡಿದು, ಎರಡು-ಮೂರು ಸೆಂ.ಮೀ. ಮೇಲೆ ಹರಿತವಾದ ಚಾಕುವಿನಿಂದ ಮತ್ತೆ ಕತ್ತರಿಸಿ. ಈಗ ಹೊಸ ತುದಿಗೆ ಗಾಳಿಯ ಬದಲು ನೀರೇ ನುಗ್ಗುತ್ತದೆ. ಓರೆಯಾಗಿ ಕತ್ತರಿಸಿದರೆ ತುದಿ ಬಕೆಟ್ಟಿನ ತಳಕ್ಕೆ ಅಂಟಿ ಮುಚ್ಚಿಕೊಳ್ಳುವುದಿಲ್ಲ. ಮೊಂಡು ಕತ್ತರಿಯಿಂದ ದಂಟು ಜಜ್ಜಿ ಹೋಗುವುದರಿಂದ ಅದು ಬೇಡ. ಮೊದಲ ಎರಡು-ಮೂರು ಗಂಟೆ ಉಗುರುಬೆಚ್ಚಗಿನ ನೀರು ಒಳ್ಳೆಯದು. 20 ಡಿಗ್ರಿ ಸೆಲ್ಸಿಯಸ್‌ಗೆ ಹೋಲಿಸಿದರೆ 40 ಡಿಗ್ರಿಯಲ್ಲಿ ನೀರಿನ ಸ್ನಿಗ್ಧತೆ ಸುಮಾರು ಮೂರನೆಯ ಒಂದು ಭಾಗ ಕಡಿಮೆ, ಆದ್ದರಿಂದ ಅದು ಸೂಕ್ಷ್ಮ ನಳಿಕೆಗಳಲ್ಲಿ ಸಲೀಸಾಗಿ ಏರುತ್ತದೆ. ಇಂಡಿಯ ಬೇಸಗೆಯಲ್ಲಿ ಇದಕ್ಕಾಗಿ ಒಲೆ ಹೊತ್ತಿಸಬೇಕಿಲ್ಲ, ಮಾಳಿಗೆಯ ಮೇಲಿನ ಟ್ಯಾಂಕಿನ ನೀರು ತಾನಾಗಿಯೇ ಹಾಗಿರುತ್ತದೆ.

ಎರಡನೆಯ ಅಡ್ಡಿ ಬ್ಯಾಕ್ಟೀರಿಯ. ಕೊಯ್ದ ದಂಟಿನಿಂದ ಒಸರುವ ರಸ ಅವಕ್ಕೆ ಹಬ್ಬದೂಟ. ಒಂದೆರಡು ದಿನಗಳಲ್ಲಿ ಅವು ಮತ್ತು ಅವುಗಳ ಲೋಳೆ ಸೇರಿ ನಳಿಕೆಗಳ ಬಾಯಿಯನ್ನು ಮುಚ್ಚುತ್ತವೆ. ಜರ್ಬೆರಾದ ಮೃದುವಾದ, ರೋಮವುಳ್ಳ ದಂಟು ಬೇಗ ಕೊಳೆಯುತ್ತದೆ. ಅದನ್ನು ಬಕೆಟ್ಟಿನಲ್ಲಿ ಕುತ್ತಿಗೆವರೆಗೆ ಮುಳುಗಿಸುವುದು ಪ್ರೀತಿಯಿಂದ ಮಾಡುವ ತಪ್ಪು. ಅದಕ್ಕೆ ಐದಾರು ಸೆಂ.ಮೀ. ನೀರು ಸಾಕು. ಯಾವುದೇ ಹೂವಾದರೂ ನೀರಿನಲ್ಲಿ ಮುಳುಗುವ ಎಲೆಗಳನ್ನು ತೆಗೆಯಿರಿ, ಬಕೆಟ್ಟನ್ನು ಊಟದ ತಟ್ಟೆಯಷ್ಟೇ ಚೊಕ್ಕಟವಾಗಿ ತೊಳೆಯಿರಿ.

ಇಂಡಿಯ ನಿಂಬೆ ಉಪಯೋಗಕ್ಕೆ ಬರುವುದು ಇಲ್ಲಿ. ನೀರು ತುಸು ಆಮ್ಲೀಯವಾಗಿದ್ದರೆ, ಅಂದರೆ ಪಿಎಚ್ 3.5ರಿಂದ 4ರಷ್ಟಿದ್ದರೆ, ಬ್ಯಾಕ್ಟೀರಿಯಗಳ ಬೆಳವಣಿಗೆ ಕುಗ್ಗುತ್ತದೆ, ದಂಟಿನಲ್ಲಿ ನೀರಿನ ಏರಿಕೆಯೂ ಸುಧಾರಿಸುತ್ತದೆ. ನಿಂಬೆಯ ಸಿಟ್ರಿಕ್ ಆಮ್ಲ ಈ ಕೆಲಸ ಮಾಡಬಲ್ಲದು. ಆದರೆ ಎಷ್ಟು ಹಣ್ಣು? ಇದಕ್ಕೆ ಒಂದೇ ಉತ್ತರವಿಲ್ಲ. ಕೊಳವೆ ಬಾವಿಯ ಗಡಸು ನೀರಿನಲ್ಲಿ ಬೈಕಾರ್ಬೊನೇಟ್ ಹೆಚ್ಚಾಗಿದ್ದರೆ ಅದು ಮೊದಮೊದಲು ಹಿಂಡಿದ ಆಮ್ಲವನ್ನೆಲ್ಲ ನುಂಗಿಬಿಡುತ್ತದೆ, ಪಿಎಚ್ ಕದಲುವುದೇ ಇಲ್ಲ. ಮಳೆನೀರಿನಲ್ಲಾದರೆ ಕೆಲವೇ ಹನಿ ಸಾಕು. ಒಂದು ಲೀಟರ್ ನೀರಿಗೆ ಅರ್ಧ ಹಣ್ಣಿನಿಂದ ಆರಂಭಿಸಿ, ಪಿಎಚ್ ಕಾಗದದಿಂದ ನೋಡುತ್ತಾ ಹೋಗಿ. ರಸವನ್ನು ಬಟ್ಟೆಯಲ್ಲಿ ಸೋಸಲು ಮರೆಯಬೇಡಿ, ತಿರುಳು ಹೋಗಿ ನಳಿಕೆಯನ್ನೇ ಮುಚ್ಚೀತು!

ಇದಕ್ಕೆ ಲೀಟರಿಗೆ 10ರಿಂದ 20 ಗ್ರಾಂ ಸಕ್ಕರೆ ಸೇರಿಸಿದರೆ ಎಲೆಗಳಿಂದ ಬರುವುದು ನಿಂತ ಆಹಾರದ ಕೊರತೆ ತುಂಬುತ್ತದೆ. ಸುಗಂಧರಾಜದ ಕಡ್ಡಿಯಲ್ಲಿ ಮೇಲಿನ ಮೊಗ್ಗುಗಳು ಅರಳದೆ ಉದುರುವುದಕ್ಕೆ ಆಹಾರದ ಕೊರತೆಯೂ ಒಂದು ಕಾರಣ. ಆದರೆ ಬರೀ ಸಕ್ಕರೆ ಹಾಕುವುದು ಏನೂ ಹಾಕದಿರುವುದಕ್ಕಿಂತ ಕೆಟ್ಟದ್ದು, ಏಕೆಂದರೆ ಅದನ್ನು ಹೂವಿಗಿಂತ ಮೊದಲು ಬ್ಯಾಕ್ಟೀರಿಯ ತಿನ್ನುತ್ತವೆ. ಆದ್ದರಿಂದ ಸಕ್ಕರೆಯ ಜೊತೆಗೆ ನಿಂಬೆರಸವೋ ಚಿಟಿಕೆ ಪಟಿಕವೋ ಇರಲೇಬೇಕು. ಪಟಿಕದಲ್ಲಿರುವ ಅಲ್ಯುಮಿನಿಯಂ ಲವಣ ನೀರನ್ನು ಆಮ್ಲೀಯವಾಗಿಸುತ್ತದೆ, ಬ್ಯಾಕ್ಟೀರಿಯಗಳನ್ನೂ ತಡೆಯುತ್ತದೆ. ಕೆಲವರು ಬ್ಲೀಚಿಂಗ್ ಪುಡಿ ಹಾಕುತ್ತಾರೆ. ಅದನ್ನು ನಿಂಬೆರಸದೊಂದಿಗೆ ಬೆರೆಸಿದರೆ ವಿಷಕಾರಿ ಕ್ಲೋರಿನ್ ಅನಿಲ ಬಿಡುಗಡೆಯಾಗುತ್ತದೆ. ಶಾಲೆಯಲ್ಲಿ ಈ ಬೆರಕೆಯನ್ನು ಮಾಡಲೇಕೂಡದು.

ಒಣಹವೆಯ ಒಂದು ಉಪಕಾರ

ಮಲ್ಲಿಗೆಗೆ ಮೇಲಿನ ಉಪಾಯಗಳಾವುವೂ ಒದಗುವುದಿಲ್ಲ. ಅದಕ್ಕೆ ನೀರಿನಲ್ಲಿಡುವಷ್ಟು ದಂಟೇ ಇಲ್ಲ. ಕಟ್ಟಿದ ಮಾಲೆಗೆ ಎರಡೇ ರಕ್ಷಣೆ: ನೀರು ಕಳೆದುಕೊಳ್ಳದಂತೆ ತಡೆಯುವುದು ಮತ್ತು ತಂಪು. ಉಷ್ಣತೆ 10 ಡಿಗ್ರಿ ಏರಿದರೆ ಹೂವಿನ ಉಸಿರಾಟದ ವೇಗ ಎರಡರಿಂದ ಮೂರು ಪಟ್ಟು ಹೆಚ್ಚುತ್ತದೆ. 20 ಡಿಗ್ರಿಯಿಂದ 40ಕ್ಕೆ ಏರಿದರೆ ನಾಲ್ಕರಿಂದ ಒಂಬತ್ತು ಪಟ್ಟು! ಸಂಗ್ರಹಿಸಿಟ್ಟ ಸಕ್ಕರೆ ಅಷ್ಟೇ ವೇಗವಾಗಿ ಮುಗಿಯುತ್ತದೆ.

ವಿಜಯಪುರ ಸೀಮೆಯ ಬೇಸಗೆಯನ್ನು ಎಲ್ಲರೂ ಬೈಯುತ್ತಾರೆ. ಆದರೆ ಅದರ ಶುಷ್ಕತೆಯಲ್ಲಿ ಒಂದು ಲಾಭವಿದೆ. ಗಾಳಿ 40 ಡಿಗ್ರಿ ಇದ್ದು ಸಾಪೇಕ್ಷ ತೇವಾಂಶ ಶೇ. 20 ಇದ್ದಾಗ, ಗಾಳಿಯಾಡುವ ನೆರಳಿನಲ್ಲಿಟ್ಟ ಒದ್ದೆ ಬಟ್ಟೆ ಸುಮಾರು 23 ಡಿಗ್ರಿಯವರೆಗೆ ತಣ್ಣಗಾಗಬಲ್ಲದು. ಆವಿಯಾಗುವ ನೀರು ಹೊತ್ತೊಯ್ಯುವ ಗುಪ್ತೋಷ್ಣವೇ ಇದಕ್ಕೆ ಕಾರಣ. ಮಂಗಳೂರಿನ ತೇವದ ಗಾಳಿಯಲ್ಲಿ ಇದೇ ಉಪಾಯ ನಾಲ್ಕೈದು ಡಿಗ್ರಿಯಷ್ಟೇ ತಂಪು ಕೊಟ್ಟೀತು. ಬಾಳೆಎಲೆಯಲ್ಲಿ ಸುತ್ತಿ ಒದ್ದೆ ಬಟ್ಟೆಯ ಹೊದಿಕೆ ಹಾಕಿ ಹೊಸ ಮಣ್ಣಿನ ಗಡಿಗೆಯಲ್ಲಿಡುವ ಅಜ್ಜಿಯ ಕ್ರಮ ಭೌತವಿಜ್ಞಾನಕ್ಕೆ ಸರಿಯಾಗಿದೆ. ದೊಡ್ಡ ಪ್ರಮಾಣದಲ್ಲಿ ಬೇಕಾದರೆ, ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ 1980ರ ದಶಕದಲ್ಲಿ ರೂಪಿಸಿದ ವಿದ್ಯುತ್ ಬೇಡದ ತಂಪುಕೋಣೆ ಇದೆ. ಇಟ್ಟಿಗೆಯ ಎರಡು ಗೋಡೆ, ನಡುವೆ ನೀರು ಚಿಮುಕಿಸಿದ ಮರಳು, ಮೇಲೆ ಹುಲ್ಲಿನ ಮುಚ್ಚಳ, ಅಷ್ಟೇ. ಹೂಮಾಲೆಯ ಮೇಲೆ ನೇರವಾಗಿ ಮಂಜುಗಡ್ಡೆ ಸುರಿಯುವುದಕ್ಕಿಂತ ಇದು ಎಷ್ಟೋ ಮೇಲು. ಮಂಜು ತಾಗಿದ ದಳಗಳು ಕಲೆಗಟ್ಟುತ್ತವೆ.

ಬಾಳೆಗೊನೆಯ ಸಂಗ

ಮದುವೆ ಮನೆಯ ಉಗ್ರಾಣದಲ್ಲಿ ತಂಪಾದ ಮೂಲೆಗೆ ಬೇಡಿಕೆ ಹೆಚ್ಚು. ಹಣ್ಣಾದ ಬಾಳೆಗೊನೆ, ಮಾವು, ಹೂವಿನ ಪೆಟ್ಟಿಗೆ ಎಲ್ಲವೂ ಅಲ್ಲಿಗೇ ಬರುತ್ತವೆ. ಮಾಗುವ ಹಣ್ಣು ಎಥಿಲೀನ್ ಎಂಬ ಅನಿಲವನ್ನು ಹೊರಬಿಡುತ್ತದೆ. ದೀಪದ ಅನಿಲದಲ್ಲಿದ್ದು ಬಟಾಣಿ ಸಸಿಗಳ ಬೆಳವಣಿಗೆಯನ್ನು ಕೆಡಿಸುತ್ತಿದ್ದುದು ಎಥಿಲೀನೇ ಎಂದು ರಷ್ಯಾದ ನೆಲ್ಯುಬೊವ್ 1901ರಲ್ಲಿ ತೋರಿಸಿದ್ದ. ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಒಂದೇ ಭಾಗದಷ್ಟಿದ್ದರೂ ಕಾರ್ನೇಷನ್ ಹೂವಿನ ದಳಗಳು ನಿದ್ದೆ ಬಂದಂತೆ ಒಳಕ್ಕೆ ಮುದುಡುತ್ತವೆ, ಮತ್ತೆ ಅರಳುವುದಿಲ್ಲ. ಹಲವು ಆರ್ಕಿಡ್‌ಗಳಿಗೂ ಇದೇ ಗತಿ. ಜನರೇಟರಿನ ಹೊಗೆಯಲ್ಲೂ ಎಥಿಲೀನ್ ಇರುತ್ತದೆ. ಆದರೆ ಸೇವಂತಿ, ಚೆಂಡು ಹೂ, ಜರ್ಬೆರಾಗಳ ಕುಟುಂಬ ಇದಕ್ಕೆ ಅಷ್ಟಾಗಿ ಜಗ್ಗುವುದಿಲ್ಲ. ಹಳ್ಳಿಯ ಮದುವೆಗಳಲ್ಲಿ ಸೇವಂತಿಯನ್ನು ನೆಚ್ಚುವುದರಲ್ಲಿ ಅನುಭವದ ವಿವೇಕವಿದೆ.

ಮಾಲೆ ಏಕೆ ಹರಿಯುತ್ತದೆ?

ಎರಡು ಕಂಬಗಳ ನಡುವೆ ತೂಗುಬಿಟ್ಟ ಮಾಲೆಯ ವಕ್ರರೇಖೆ ಪರವಲಯದಂತೆ ಕಾಣುತ್ತದೆ, ಆದರೆ ಪರವಲಯವಲ್ಲ. ಇದು ಸರಪಳಿ ವಕ್ರರೇಖೆ. ಇದರ ಸಮೀಕರಣವನ್ನು 1691ರಲ್ಲಿ ಲೈಬ್ನಿಟ್ಸ್, ಹೈಗನ್ಸ್ ಮತ್ತು ಯೋಹಾನ್ ಬರ್ನೂಲಿ ಕಂಡುಹಿಡಿದರು. ಜೋಲು ಕಡಿಮೆಯಿದ್ದಾಗ ಪರವಲಯವೆಂದೇ ಭಾವಿಸಿ ಲೆಕ್ಕ ಹಾಕಬಹುದು: ಮಾಲೆಯ ಒಟ್ಟು ತೂಕವನ್ನು ಕಂಬಗಳ ಅಂತರದಿಂದ ಗುಣಿಸಿ, ಜೋಲಿನ ಎಂಟರಷ್ಟರಿಂದ ಭಾಗಿಸಿದರೆ ದಾರದ ಮೇಲಿನ ಅಡ್ಡ ಎಳೆತ ಸಿಗುತ್ತದೆ.

4 ಮೀಟರ್ ಅಂತರ, 2 ಕಿ.ಗ್ರಾಂ ತೂಗುವ ಚೆಂಡು ಹೂವಿನ ಮಾಲೆ, ಜೋಲು 50 ಸೆಂ.ಮೀ. ಎಂದುಕೊಳ್ಳಿ. ಎಳೆತ 2 ಕಿ.ಗ್ರಾಂ ತೂಕದಷ್ಟು. ಈಗ 'ಇನ್ನಷ್ಟು ಬಿಗಿಯಾಗಲಿ, ನೆಟ್ಟಗೆ ಕಾಣಲಿ' ಎಂದು ಯಾರೋ ಹಿರಿಯರು ಹೇಳುತ್ತಾರೆ. ಜೋಲು 10 ಸೆಂ.ಮೀ.ಗೆ ಇಳಿಯಿತು. ಎಳೆತ 10 ಕಿ.ಗ್ರಾಂ ತೂಕದಷ್ಟಾಯಿತು! ಮೇಲೆ ನೀರು ಚಿಮುಕಿಸಿದರೆ ತೂಕ ಮತ್ತೂ ಏರುತ್ತದೆ. ಹರಿದು ಬಿದ್ದಾಗ ದಾರ ಮಾರಿದವನನ್ನು ಬೈಯುವ ಮೊದಲು ಈ ಲೆಕ್ಕ ನೆನಪಿಸಿಕೊಳ್ಳಿ. ನೆಟ್ಟನೆಯ ಸಾಲೇ ಬೇಕಿದ್ದರೆ ಮೊದಲು ತಂತಿ ಬಿಗಿದು, ಮಾಲೆಯನ್ನು ಅದಕ್ಕೆ ಅಲ್ಲಲ್ಲಿ ಕಟ್ಟಬೇಕು.

ಬಣ್ಣದ ವಿಷಯ ಹೆಚ್ಚು ಹೇಳಲಾರೆ, ಅದು ಅವರವರ ಕಣ್ಣಿಗೆ ಸೇರಿದ್ದು. ಒಂದು ಎಚ್ಚರಿಕೆ ಮಾತ್ರ ಇರಲಿ. ಹಳದಿ ಬೆಳಕಿನ ದೀಪಗಳಲ್ಲಿ ನೀಲಿಯ ಪಾಲು ಕಡಿಮೆ. ಹಗಲಲ್ಲಿ ಚೆಂದ ಕಂಡ ನೇರಳೆ ಹೂಗಳು ರಾತ್ರಿಯ ಆರತಕ್ಷತೆಯಲ್ಲಿ ಮಂಕಾಗಿ ಕಪ್ಪಗೆ ಕಾಣುತ್ತವೆ. ಬಿಳಿಯ ಸುಗಂಧರಾಜವಾದರೋ ದೀಪದ ಬಣ್ಣವನ್ನೇ ಧರಿಸುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿಗಳಲ್ಲಿ ಶೃಂಗಾರ್, ಪ್ರಜ್ವಲ್‌ಗಳ ಒಂಟಿ ಸುತ್ತಿನ ಹೂಗಳು ಮಾಲೆಗೆ ಒಪ್ಪುತ್ತವೆ, ಸುವಾಸಿನಿ, ವೈಭವ್‌ಗಳ ಜೋಡಿ ಸುತ್ತಿನ ಹೂಗಳು ಕಡ್ಡಿಯ ಅಲಂಕಾರಕ್ಕೆ.

ಹೂದಂಟುಗಳನ್ನು ಚುಚ್ಚಿ ನಿಲ್ಲಿಸುವ ಹಸಿರು ಸ್ಪಂಜಿನ ಇಟ್ಟಿಗೆಯನ್ನು ನೀವು ನೋಡಿರಬಹುದು. ಅಮೆರಿಕದಲ್ಲಿ 1954ರಲ್ಲಿ ಬಳಕೆಗೆ ಬಂದ ಇದು ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್‌ಗಳಿಂದಾದ ಪ್ಲಾಸ್ಟಿಕ್. ನೀರನ್ನು ಚೆನ್ನಾಗಿ ಹೀರುತ್ತದೆ, ಆದರೆ ಮಣ್ಣಿನಲ್ಲಿ ಕರಗುವುದಿಲ್ಲ. ಪುಡಿಯಾಗಿ ಸೂಕ್ಷ್ಮ ಪ್ಲಾಸ್ಟಿಕ್ ಆಗುತ್ತದೆ. ಒಂದು ದಿನದ ಸಮಾರಂಭಕ್ಕೆ ಬಾಳೆದಿಂಡಿನ ತುಂಡು ಸಾಕು. ಅದರ ತೂಕದ ಬಹುಭಾಗ ನೀರೇ. ಮರುದಿನ ಅದು ಕಪ್ಪಾಗುತ್ತದೆ, ಆದರೆ ಅಷ್ಟರಲ್ಲಿ ಬೀಗರು ಊರಿಗೆ ಹೊರಟಿರುತ್ತಾರೆ. ಹೆಚ್ಚು ದಿನ ನಿಲ್ಲಬೇಕಾದರೆ ಮಣ್ಣಿನ ಕುಂಡದಲ್ಲಿ ಒದ್ದೆ ಮರಳು ಬಳಸಿ.

ತರಗತಿಯಲ್ಲಿ ಮಾಡಿ ನೋಡಿ

ಒಂದೇ ಗಿಡದ, ಒಂದೇ ಹಂತದ ಸೇವಂತಿ ಅಥವಾ ಗುಲಾಬಿಯ ಹನ್ನೆರಡು ಹೂಗಳನ್ನು ಆರಿಸಿ, ಒಂದೇ ಅಳತೆಗೆ ಕತ್ತರಿಸಿ. ನಾಲ್ಕು ಬಾಟಲಿಗಳಲ್ಲಿ ಮೂರು ಮೂರರಂತೆ ಇಡಿ: ಬರೀ ನೀರು, ಸಕ್ಕರೆ ನೀರು, ನಿಂಬೆ ನೀರು, ಸಕ್ಕರೆ ಮತ್ತು ನಿಂಬೆ ಎರಡೂ ಇರುವ ನೀರು. ಪ್ರತಿದಿನ ಒಂದೇ ಹೊತ್ತಿಗೆ ಹೂಗಳನ್ನು ಒರೆಸಿ ತೂಗಿ, ಬಾಟಲಿಯ ನೀರಿನ ಮಟ್ಟವನ್ನೂ ಗುರುತಿಸಿ. ತೂಕ ಮೊದಲು ಏರಿ, ಆಮೇಲೆ ಇಳಿಯುತ್ತದೆ. ಇಳಿಯಲು ಆರಂಭಿಸಿದ ದಿನ ಯಾವುದು? ಯಾವ ಬಾಟಲಿಯ ನೀರು ಮೊದಲು ಕದಡಿತು? ಐದನೆಯ ಬಾಟಲಿಯಲ್ಲಿ ದಂಟನ್ನು ಗಾಳಿಯಲ್ಲಿ ಕತ್ತರಿಸಿ ಅರ್ಧ ಗಂಟೆ ಒಣಗಲು ಬಿಟ್ಟ ಹೂಗಳನ್ನಿಟ್ಟು ಹೋಲಿಸಿದರೆ ಗಾಳಿಗುಳ್ಳೆಯ ಕಥೆಯೂ ಬಯಲಾಗುತ್ತದೆ.

ಮದುವೆ ಮುಗಿದ ಮೇಲೆ ಉಳಿದ ಚೆಂಡು ಹೂವನ್ನು ಕೆರೆಗೋ ಬಾವಿಗೋ ಎಸೆಯುವುದು ರೂಢಿ. ನೀರಿನಲ್ಲಿ ಕೊಳೆಯುವ ಹೂಗಳು ಅಲ್ಲಿನ ಆಮ್ಲಜನಕವನ್ನು ಕಬಳಿಸುತ್ತವೆ. ಅದರ ಬದಲು ದಾರ, ಜರಿ ಬಿಡಿಸಿ ಕೊಟ್ಟಿಗೆ ಗೊಬ್ಬರಕ್ಕೆ ಸೇರಿಸಿ. ಒಂದು ಬುಟ್ಟಿಯಷ್ಟು ದಳಗಳನ್ನು ಶಾಲೆಗೆ ತನ್ನಿ. ನೀರಿನಲ್ಲಿ ಒಂದು ಗಂಟೆ ಕುದಿಸಿ ಸೋಸಿ, ಪಟಿಕದ ದ್ರಾವಣದಲ್ಲಿ ಮೊದಲೇ ನೆನೆಸಿಟ್ಟ ಹತ್ತಿ ಬಟ್ಟೆಯನ್ನು ಅದರಲ್ಲಿ ಅದ್ದಿ, ಸಣ್ಣ ಉರಿಯಲ್ಲಿ ಅರ್ಧ ಗಂಟೆ ಕಾಯಿಸಿ ನೆರಳಲ್ಲಿ ಒಣಗಿಸಿ. ಪಟಿಕ ಹಾಕದ ಇನ್ನೊಂದು ಬಟ್ಟೆಯನ್ನೂ ಹಾಗೆಯೇ ಅದ್ದಿ, ಎರಡನ್ನೂ ಒಗೆದ ಮೇಲೆ ಯಾವುದರಲ್ಲಿ ಹಳದಿ ಉಳಿಯಿತೆಂದು ಮಕ್ಕಳೇ ನೋಡಲಿ.