ತರಗತಿಯಿಂದ ಹೆಡ್‌ಮಾಸ್ಟರ್ ಕುರ್ಚಿಗೆ

"ಸರ್, ನಾಳೆಯಿಂದ ಪ್ರಭಾರ ನಿಮ್ಮದ್ರಿ." ರೋಣ, ನರಗುಂದ, ಗಜೇಂದ್ರಗಡದ ಸರ್ಕಾರಿ ಶಾಲೆಗಳಲ್ಲಿ ಹಿರಿಯ ಶಿಕ್ಷಕರೊಬ್ಬರ ಮುಂದಾಳತ್ವ ಹೀಗೂ ಶುರುವಾಗುತ್ತದೆ.

ನಿನ್ನೆವರೆಗೆ ನಿಮ್ಮ ತರಗತಿ, ನಿಮ್ಮ ವಿಷಯ. ಇಂದು ಬಿಸಿಯೂಟದ ಅಕ್ಕಿ, ಮಕ್ಕಳ ಸ್ಯಾಟ್ಸ್ ದಾಖಲೆ, ಸೋರುವ ಕೊಠಡಿ, ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯ ಫೋನು, ಎಲ್ಲವೂ ನಿಮ್ಮ ಮೇಜಿಗೆ.

ಇವೆಲ್ಲಕ್ಕಿಂತ ಕಷ್ಟದ್ದು ಇನ್ನೊಂದಿದೆ. ಜೊತೆಗೆ ಚಹಾ ಕುಡಿದ ಸಹೋದ್ಯೋಗಿಗೇ "ಪಾಠ ಯೋಜನೆ ತೋರಿಸ್ರಿ" ಅನ್ನಬೇಕು. ಅದಕ್ಕೂ ಮೊದಲು ಅವರ ತರಗತಿಯ ಹಿಂದಿನ ಸಾಲಿನಲ್ಲಿ ಕೂತು, ಯಾವ ಮಗು ಓದಲು ತಡವರಿಸುತ್ತಿದೆ ನೋಡಿ. ಮಾತು ಆ ಮಗುವಿನಿಂದಲೇ ಶುರುವಾಗಲಿ.

2001ರಲ್ಲಿ ಬಂದ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ (ಎಸ್‌ಡಿಎಂಸಿ) ಪಾಲಕರೇ ಅಧ್ಯಕ್ಷರು, ನೀವು ಸದಸ್ಯ ಕಾರ್ಯದರ್ಶಿ. ಅವರನ್ನು ಬರೀ ಸಹಿಗೆ ಕರೆಯಬೇಡಿ. ಗುಳೆ ಹೋದ ಮನೆಯ ಮಗು ಈಗ ಯಾವ ಊರಲ್ಲಿದೆ ಅನ್ನುವುದು ಮೊದಲು ಗೊತ್ತಾಗುವುದು ಅವರಿಗೇ.